ಅಡುಗೆಯವನ ಪಾಲು

ಫೆಬ್ರವರಿ 3, ಸೋಮವಾರ

ಅಕ್ಕ ಮದುವೆಯಾಗಿ ಹೋಗಿ ಮೂರು ವಾರವಾಯಿತು. ಅರವತ್ತಮೂರನೆಯ ವಯಸ್ಸಿನಲ್ಲಿ ಜನ ಮಂಡಿ ಆಪರೇಷನ್ ಮಾಡಿಸಿಕೊಳ್ಳುತ್ತಾರೆ, ನಮ್ಮಕ್ಕ ಮದುವೆ ಮಾಡಿಕೊಂಡಳು. ವರ ಒಬ್ಬ ಹಲ್ಲಿನ ಡಾಕ್ಟರು. ದವಡೆ ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು ಹೋದವಳು ಹಲ್ಲನ್ನು ಉಳಿಸಿಕೊಂಡು ನನ್ನನ್ನು ಕಿತ್ತುಹಾಕಿ ಬಂದಳು.

ಹುಟ್ಟಿದಾಗಿನಿಂದ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಇದ್ದವರು. ಮದುವೆ ಬೇಡವೆಂದು ಶಪಥ ಮಾಡಿದವರೇನಲ್ಲ, ಆಗಲಿಲ್ಲ ಅಷ್ಟೇ. ಅಪ್ಪ ಅಮ್ಮ ಹೋದ ಮೇಲೂ ಅವಳಿಗೆ ನಾನು, ನನಗೆ ಅವಳು ಎಂದು ನಡೆದುಕೊಂಡು ಬಂದಿತ್ತು. ಈಗ ಅವಳು ನಾಲ್ಕು ಬೀದಿ ಆಚೆ ಸಂಸಾರ ಹೂಡಿದ್ದಾಳೆ. ನನಗೇನೂ ಬೇಜಾರಿಲ್ಲ. ದಿನಾ ಸಂಜೆ ಅವಳು ಫೋನ್ ಮಾಡುತ್ತಾಳೆ, ನಾನು ಎತ್ತುವುದಿಲ್ಲ. ಅದು ಬೇಜಾರಲ್ಲ, ನನಗೂ ಕೆಲಸವಿರುತ್ತದೆ. ಇವತ್ತು ಫೋನು ಬಡಿದುಕೊಳ್ಳುತ್ತಿದ್ದಾಗ ಅಡುಗೆಮನೆಯ ಕಿಟಕಿ ಹತ್ತಿರ ನಿಂತುಕೊಂಡು ಬ್ರೆಡ್ಡು ತಿನ್ನುತ್ತಿದ್ದೆ.

ಬೆಳಗಿನ ಹೊತ್ತು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಇವತ್ತೊಂದು ಸಣ್ಣ ರಾದ್ಧಾಂತವಾಯಿತು. ಒಬ್ಬಾಕೆ ಅಂಗಡಿಯಲ್ಲಿದ್ದ ಫ್ರೇಮನ್ನೆಲ್ಲ ಮೂಗಿಗೇರಿಸಿ ನೋಡಿ, ಒಂದೂ ಚೆನ್ನಾಗಿ ಕಾಣುತ್ತಿಲ್ಲ ಎಂದು ಮುಖ ಸಿಂಡರಿಸಿದರು. ತಪ್ಪು ಫ್ರೇಮಿನದಲ್ಲ ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆಕೆ ಒದೆಯಲಿಲ್ಲ, ಎದ್ದು ಹೋದರು. ಅಂಗಡಿ ಯಜಮಾನರು ನನ್ನನ್ನು ಒಳಗೆ ಕರೆದು, ನಿಮ್ಮ ಮಧ್ಯಾಹ್ನಗಳು ಖಾಲಿ ಬಿದ್ದಿವೆ, ಅದರ ಬಿಸಿ ಬೆಳಿಗ್ಗೆ ನನ್ನ ಗಿರಾಕಿಗಳಿಗೆ ತಟ್ಟುತ್ತಿದೆ ಎಂದರು. ಬೀದಿಪಾಲಾದ ಮಾಜಿ ಸೈನಿಕರಿಗೆ ಮನೆ ಹುಡುಕಿಕೊಡುವ ಒಂದು ಸಂಸ್ಥೆ ಅವರಿಗೆ ಗೊತ್ತಂತೆ. "ಅಲ್ಲಿಗೆ ಹೋಗಿ ಯಾರನ್ನಾದ್ರೂ ಬೈಯಿರಿ. ಅವರು ಯುದ್ಧ ನೋಡಿದವರು, ತಡ್ಕೊತಾರೆ."

ಹೋಗುತ್ತೇನೆ. ಸೇವೆ ಮಾಡಲಿಕ್ಕಲ್ಲ, ಅವರ ಮಾತು ಸುಳ್ಳು ಮಾಡಲಿಕ್ಕೆ.

ಫೆಬ್ರವರಿ 5, ಬುಧವಾರ

ಸಂಸ್ಥೆ ಇರುವುದು ಒಂದು ಹಳೆಯ ಗೋದಾಮಿನಲ್ಲಿ. ನೆಟ್ಟಗೆ ನಿಂತ ಬೆನ್ನು, ಎದೆಯ ಮೇಲೆ ಪದಕ, ಹುರಿಮೀಸೆ, ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಒಳಗೆ ನಾಲ್ವರು ಟಿವಿ ರಿಮೋಟಿಗಾಗಿ ಜಗಳವಾಡುತ್ತಿದ್ದರು. ಇನ್ನೊಬ್ಬರು ಕಾಲುಚೀಲ ಹೊಲಿದುಕೊಳ್ಳುತ್ತಿದ್ದರು. ಬಸ್ ನಿಲ್ದಾಣ, ಸೇತುವೆಯ ಕೆಳಗಿನ ಜಾಗ, ಕೆಟ್ಟು ನಿಂತ ವ್ಯಾನು, ಎಲ್ಲೆಲ್ಲಿಂದಲೋ ಬಂದವರು. ದೇಶ ಕಾಯ್ದವರಿಗೆ ತಮ್ಮದೆಂದು ಕಾಯಲು ಒಂದು ಬಾಗಿಲಿರಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಒಬ್ಬರು ಬಂದು, ಚಾನೆಲ್ ಯಾವುದು ಇಡೋಣ ನೀವೇ ತೀರ್ಪು ಕೊಡಿ ಎಂದರು. ಟಿವಿ ಆರಿಸಿದೆ.

ಸಂಸ್ಥೆಯ ಮುಖ್ಯಸ್ಥೆ ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಎಲ್ಲರಿಗೂ ನರ್ಸಮ್ಮ. ಅವರು ಗಂಟಲು ಸರಿಮಾಡಿಕೊಂಡರೆ ಗೋಡೆಗಳೂ ಅಟೆನ್ಷನ್ನಿಗೆ ಬರುತ್ತವೆ. ನಿಮಗೇನು ಬರುತ್ತದೆ ಎಂದು ಕೇಳಿದರು. ಕನ್ನಡಕ ಕೂರಿಸುವುದು ಮತ್ತು ಮಾತು ಎಂದೆ. ಎರಡನೆಯದು ಸಾಕು ಎಂದು ನನ್ನನ್ನು 'ಜೊತೆಗಾರ್ತಿ' ಮಾಡಿದರು. ಒಬ್ಬ ಸೈನಿಕನಿಗೆ ಕೋಣೆ ಸಿಕ್ಕಿದ ಮೇಲೆ ಮೊದಲ ಎರಡು ತಿಂಗಳು ಒಬ್ಬರು ದಿನಾ ಹೋಗಿ ಬರಬೇಕು. ಯಾಕೆಂದು ಕೇಳಿದೆ. "ಬೀದಿ ಬಿಡಿಸೋದು ಒಂದು ದಿನದ ಕೆಲಸ. ಮನೆ ಹಿಡಿಸೋದು ತಿಂಗಳುಗಟ್ಟಲೆ ಕೆಲಸ" ಎಂದರು.

ಫೆಬ್ರವರಿ 8, ಶನಿವಾರ

ನನ್ನ ಪಾಲಿಗೆ ಬಂದವರನ್ನು ಇಲ್ಲಿ ಎಲ್ಲರೂ 'ಇನ್ನೂರು' ಎನ್ನುತ್ತಾರೆ. ಸೈನ್ಯದಲ್ಲಿ ಅಡುಗೆಯವರಾಗಿದ್ದರು. ಯಾವ ಅಡುಗೆ ಹೇಗೆ ಮಾಡುವುದೆಂದು ಕೇಳಿದರೂ "ಇನ್ನೂರು ಜನಕ್ಕೆ" ಎಂದೇ ಶುರು ಮಾಡುತ್ತಾರೆ. ಉದ್ದಕ್ಕೆ, ತೆಳ್ಳಗೆ, ಥೇಟ್ ಸೌಟು. ನಿವೃತ್ತಿಯ ಮೇಲೆ ಒಂದು ಗಿರಣಿಯ ಕ್ಯಾಂಟೀನಿನಲ್ಲಿದ್ದರು. ಹೆಂಡತಿ ತೀರಿಕೊಂಡರು, ಆಮೇಲೆ ಗಿರಣಿ ಮುಚ್ಚಿತು, ಆಮೇಲೆ ಮನೆ ಹೇಗೆ ಕೈಬಿಟ್ಟಿತೆಂದು ಅವರಿಗೇ ಸರಿಯಾಗಿ ಗೊತ್ತಿಲ್ಲ. ಉಣ್ಣುವವರಿಲ್ಲದ ಮನೆಯಲ್ಲಿ ಅಡುಗೆಯವನಿಗೆ ಏನು ಕೆಲಸ ಅನ್ನಿಸಿತಂತೆ. ಆರು ವರ್ಷ ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಮಲಗಿದ್ದಾರೆ.

ಈಗ ಸಿಕ್ಕಿರುವುದು ಮೂರನೆಯ ಮಹಡಿಯ ಒಂದು ಕೋಣೆ, ಮೂಲೆಯಲ್ಲಿ ಒಲೆ, ಒಂದು ಮೇಜು, ಎರಡು ಕುರ್ಚಿ. ಕಟ್ಟಡದ ಯಜಮಾನರು ಮಾರ್ಚ್ ಕೊನೆಯವರೆಗೆ ಪರೀಕ್ಷೆಗೆಂದು ಕೊಟ್ಟಿದ್ದಾರೆ. ಇವರು ಸರಿಯಾಗಿ ಇದ್ದರೆ ಕೋಣೆ ಇವರದೇ, ಜೊತೆಗೆ ಇನ್ನೂ ಮೂರು ಕೋಣೆ ಸಂಸ್ಥೆಗೆ ಸಿಗುತ್ತವೆ. ಇಲ್ಲದಿದ್ದರೆ ಇವರು ಮತ್ತೆ ಶೆಡ್ಡಿಗೆ, ಆ ಮೂರು ಕೋಣೆಗೂ ಎಳ್ಳುನೀರು. ಅಂದರೆ ನಾಲ್ಕು ಜನರ ಹಣೆಬರಹ ನನ್ನ ತಲೆಯ ಮೇಲೆ. ಕನ್ನಡಕದ ಅಂಗಡಿಯಲ್ಲಿ ಇಷ್ಟು ಜವಾಬ್ದಾರಿ ನನಗೆ ಯಾರೂ ಕೊಟ್ಟಿಲ್ಲ.

ಫೆಬ್ರವರಿ 11, ಮಂಗಳವಾರ

ನಿನ್ನೆ ಇನ್ನೂರು ಅವರನ್ನು ಈರುಳ್ಳಿ ತರಲು ಕಳಿಸಿದ್ದೆ. ತಳ್ಳುಗಾಡಿಯ ಹಿಂದೆ ನಡೆದುಕೊಂಡು ಬಂದರು. ಗಾಡಿಯ ಮೇಲೆ ಒಂದು ಮೂಟೆ. "ಕಮ್ಮೀನೇ ತಂದಿದೀನಿ ಮೇಡಂ" ಎಂದರು. ತಮಾಷೆಯಲ್ಲ, ಅವರ ಮುಖದಲ್ಲಿ ಮಿತವ್ಯಯದ ಹೆಮ್ಮೆ ಇತ್ತು.

ಇವತ್ತು ನಾನು ಹೋಗುವ ಹೊತ್ತಿಗೆ ಮೆಟ್ಟಿಲ ತುಂಬ ಹೊಗೆ. ಗೋದಾಮಿನಿಂದ ಒಂದು ಹಂಡೆಯಂಥ ಪಾತ್ರೆ ಹೊತ್ತು ತಂದು ಒಲೆ ಕಾಣದ ಹಾಗೆ ಅದರ ಮೇಲೆ ಕೂರಿಸಿದ್ದರು. ನನಗೆ ಬೇಜಾರಾಗಬಾರದೆಂದು ಲೆಕ್ಕವನ್ನು ನಲವತ್ತು ಜನಕ್ಕೆ ಇಳಿಸಿದ್ದರಂತೆ. ಕೆಳಮಹಡಿಯವರು ಕೆಮ್ಮುತ್ತಾ ಮೇಲೆ ಬಂದರು, ಅವರ ಹಿಂದೆ ಕಟ್ಟಡದ ಯಜಮಾನರು. ಇನ್ನೊಂದು ದೂರು ಬಂದರೆ ಮಾರ್ಚ್‌ವರೆಗೂ ಕಾಯುವುದಿಲ್ಲ ಎಂದು ನನಗೆ ಹೇಳಿದರು. ಇನ್ನೂರು ಅವರಿಗಲ್ಲ, ನನಗೆ. ಬೈಗುಳ ತಿನ್ನುವ ಕಲೆ ನನಗೆ ಅಭ್ಯಾಸವಿಲ್ಲ, ಗಂಟಲಲ್ಲೇ ಸಿಕ್ಕಿಕೊಂಡಿತು.

ಹಂಡೆಯನ್ನು ಗೋದಾಮಿಗೆ ಸಾಗಿಸಿ ಎಲ್ಲರಿಗೂ ಬಡಿಸಿದೆವು. ರುಚಿಯ ಮಾತು ಕೇಳಬೇಡಿ. ನಾನು ಎರಡು ಸಲ ಹಾಕಿಸಿಕೊಂಡೆ. ಈ ಮನುಷ್ಯನಿಗೆ ಅಡುಗೆ ಬರುತ್ತದೆ, 'ಒಬ್ಬ' ಎಂಬ ಸಂಖ್ಯೆ ಬರುವುದಿಲ್ಲ. ಒಬ್ಬರಿಗೆ ಅಡುಗೆ ಮಾಡುವುದನ್ನು ನಾನು ಕಲಿಸುತ್ತೇನೆ ಎಂದು ನರ್ಸಮ್ಮನಿಗೆ ಮಾತು ಕೊಟ್ಟು ಬಂದಿದ್ದೇನೆ.

ಫೆಬ್ರವರಿ 14, ಶುಕ್ರವಾರ

ಕಲಿಸುವ ಮೊದಲು ಮನೆಯಲ್ಲಿ ಒಮ್ಮೆ ಮಾಡಿ ನೋಡೋಣವೆಂದು ಕೂತೆ. ಒಂದು ಲೋಟ ಅಕ್ಕಿ ಬಹಳ, ಅರ್ಧ ಲೋಟ ಇಟ್ಟೆ. ಅಂಟಾಯಿತು. ಲಕೋಟೆ ಅಂಟಿಸಬಹುದು. ಬೇಳೆ ಪಾತ್ರೆಯ ತಳ ಬಿಡಲಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಒಬ್ಬಳಿಗೆ ಅಡುಗೆ ಮಾಡಲು ಬರುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಬಾರದು ಎಂದಾಯಿತು.

ಅಂಟನ್ನೇ ತಿಂದೆ. ಬಿಸಿ ಇತ್ತು.

ಫೆಬ್ರವರಿ 15, ಶನಿವಾರ

ಸಂಜೆ ಅಕ್ಕನ ಫೋನ್ ಎತ್ತಿದೆ. ಕೆಲಸವಿತ್ತು, ಅದಕ್ಕೇ. ಅವಳು ಅಳುವುದಕ್ಕೆ ಶುರು ಮಾಡುವ ಮುಂಚೆಯೇ, ಒಬ್ಬರಿಗೆ ಅನ್ನ ಮಾಡಲು ನೀರೆಷ್ಟು ಎಂದು ಕೇಳಿದೆ. ಅವಳು ಸಣ್ಣ ದನಿಯಲ್ಲಿ, ನನಗೂ ಗೊತ್ತಿಲ್ಲ ಕಣೇ, ನಾನು ಯಾವಾಗ ಒಬ್ಬಳಿಗೆ ಮಾಡಿದ್ದೆ ಎಂದಳು. ಇಬ್ಬರಿಗೂ ನಗು ಬಂತು. ನಾನು ಬೇಗ ನಿಲ್ಲಿಸಿದೆ.

ಒಬ್ಬರಿಗೆ ಅಡುಗೆ ಮಾಡುವುದರಲ್ಲಿ ಪಂಡಿತರು ಅವಳ ಮನೆಯಲ್ಲೇ ಇದ್ದಾರಂತೆ. ಹಲ್ಲಿನ ಡಾಕ್ಟರು ಹನ್ನೆರಡು ವರ್ಷ ಒಬ್ಬರೇ ಇದ್ದವರು. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ. ನನಗೆ ಬೇಕಾದ ವಿದ್ಯೆ ಆ ಮನುಷ್ಯನ ಹತ್ತಿರವೇ ಇರಬೇಕೇ? ಕಳಿಸು ಎಂದೆ. ಇನ್ನೂರು ಅವರಿಗಾಗಿ, ನನಗಾಗಿ ಅಲ್ಲ ಎಂದೂ ಸೇರಿಸಿದೆ.

ಫೆಬ್ರವರಿ 18, ಮಂಗಳವಾರ

ಹಲ್ಲಿನ ಡಾಕ್ಟರು ಒಂದು ಚಿಕ್ಕ ಬಾಣಲೆ, ಒಂದು ಮುಷ್ಟಿಯಷ್ಟಗಲದ ಪಾತ್ರೆ ಹಿಡಿದುಕೊಂಡು ಬಂದರು. ಕ್ಲಿನಿಕ್ಕಿಗೆ ಬಂದ ರೋಗಿಯ ಹಾಗೆ ಇನ್ನೂರು ಗಾಬರಿಯಾಗಿ ನಿಂತಿದ್ದರು. ಡಾಕ್ಟರು ಒಲೆಯ ಹತ್ತಿರ ಹೋಗಲೇ ಇಲ್ಲ. ಮೊದಲು ಮೇಜಿನ ಮೇಲೆ ಒಂದು ತಟ್ಟೆ ಇಟ್ಟರು. ಪಾತ್ರೆ ನೋಡಿ ಅಡುಗೆ ಮಾಡಬೇಡಿ, ತಟ್ಟೆ ನೋಡಿ ಮಾಡಿ ಎಂದರು. ಹಸಿ ಅಕ್ಕಿಯನ್ನು ತಟ್ಟೆಗೇ ಸುರಿದು, ಬೆಂದರೆ ಇದು ಎಷ್ಟಾಗುತ್ತದೆ ಹೇಳಿ ಎಂದು ಕೇಳಿದರು. ಇನ್ನೂರು ಬಗ್ಗಿ ನೋಡಿ ಅರ್ಧ ತೆಗೆದರು, ಮತ್ತೆ ಸ್ವಲ್ಪ ತೆಗೆದರು.

ತಟ್ಟೆ ಮೊದಲು ಇಡುವುದಕ್ಕೆ ಇನ್ನೊಂದು ಕಾರಣವಿದೆಯಂತೆ. ಮೊದಲ ಹೆಂಡತಿ ಹೋದ ವರ್ಷವೆಲ್ಲ ಡಾಕ್ಟರು ಪಾತ್ರೆಯಿಂದಲೇ, ನಿಂತುಕೊಂಡೇ ತಿಂದರಂತೆ. ತಟ್ಟೆ ಇಟ್ಟರೆ ಕೂರಲೇಬೇಕಾಗುತ್ತದೆ ಎಂದರು. ಇದನ್ನು ಈರುಳ್ಳಿ ಹೆಚ್ಚುತ್ತಾ, ಯಾರಿಗೋ ಆದದ್ದೆಂಬಂತೆ ಹೇಳಿದರು. ನಾನು ಈರುಳ್ಳಿ ದಪ್ಪವಾಯಿತು ಎಂದೆ.

ಇನ್ನೂರು ಮಾಡಿದ್ದು ಸರಿಯಾಗಿ ಒಂದು ತಟ್ಟೆ ಅನ್ನ, ಒಂದು ಬಟ್ಟಲು ಬೇಳೆ, ಒಂದು ಮೊಟ್ಟೆ. ಹೊಗೆಯಿಲ್ಲ, ಹಂಡೆಯಿಲ್ಲ. ಸಾಯಂಕಾಲ ಬಿಸಿಮಾಡಿಕೊಂಡು ಉಣ್ಣುತ್ತೇನೆ, ನೀವು ಹೊರಡಿ ಎಂದು ನಮ್ಮನ್ನು ಕಳಿಸಿಕೊಟ್ಟರು. ಬಾಗಿಲಲ್ಲಿ ನನ್ನನ್ನು 'ಅಕ್ಕಾ' ಎಂದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಿರಬೇಕು. ಆದರೂ ಮನೆಯ ಕಿರಿ ಕೂಸಾದ ನನ್ನನ್ನು ಈ ಜನ್ಮದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ತಿದ್ದಲು ಹೋಗಲಿಲ್ಲ.

ಫೆಬ್ರವರಿ 24, ಸೋಮವಾರ

ನಾನು ಗೆದ್ದೆ. ದಿನಾ ಮಧ್ಯಾಹ್ನ ಹೋದಾಗ ಕೋಣೆ ಕನ್ನಡಿಯ ಹಾಗಿರುತ್ತದೆ. ಪಾತ್ರೆ ತೊಳೆದು ಬೋರಲು ಹಾಕಿರುತ್ತಾರೆ. ಹಾಸಿಗೆಯ ಮೇಲಿನ ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ. ಇದಕ್ಕೇ ಸೈನ್ಯದ ಶಿಸ್ತು ಎನ್ನುವುದು. ಊಟವಾಯಿತೇ ಎಂದರೆ "ಎಲ್ಲಾ ಆಯ್ತು ಅಕ್ಕಾ" ಎನ್ನುತ್ತಾರೆ. ಕೆಳಮಹಡಿಯವರು ಇವತ್ತು ನನ್ನನ್ನು ನೋಡಿ ನಕ್ಕರು.

ನನ್ನ ಅನ್ನವೂ ಈಗ ಉದುರುದುರಾಗಿ ಬರುತ್ತಿದೆ. ನಮ್ಮ ಮನೆಯ ಊಟದ ಮೇಜಿನ ಒಂದು ಕಾಲು ಕುಂಟುತ್ತದೆ, ಇಷ್ಟು ದಿನ ಗೊತ್ತೇ ಇರಲಿಲ್ಲ. ಭಾವನಿಗೆ ಹೇಳಿದರೆ ಅದಕ್ಕೊಂದು ಸಿಮೆಂಟು ತುಂಬಿಯಾರು.

ಮಾರ್ಚ್ 3, ಸೋಮವಾರ

ಇನ್ನೂರು ಸೊರಗಿದ್ದಾರೆ ಅನ್ನಿಸಿತು. ಬೆಲ್ಟಿಗೆ ಹೊಸದಾಗಿ ತೂತು ಹಾಕಿಕೊಂಡಿದ್ದಾರೆ. ಮೂರು ಮಹಡಿ ಹತ್ತಿ ಇಳಿದರೆ ಸೊರಗದೆ ಇರುತ್ತಾರೆಯೇ. ಬಾಳೆಹಣ್ಣು ಕೊಟ್ಟು ಬಂದೆ. ಅಂಗಡಿಯಲ್ಲಿ ಇವತ್ತು ಒಬ್ಬಾಕೆಗೆ ದುಂಡು ಫ್ರೇಮು ಚೆನ್ನಾಗಿ ಒಪ್ಪುತ್ತದೆ ಎಂದೆ. ನಿಜಕ್ಕೂ ಒಪ್ಪುತ್ತಿತ್ತು. ಯಜಮಾನರು ಯಾಕೋ ನನ್ನನ್ನೇ ದಿಟ್ಟಿಸುತ್ತಿದ್ದರು.

ಮಾರ್ಚ್ 6, ಗುರುವಾರ

ಕಟ್ಟಡದ ಯಜಮಾನರು ಅಂಗಡಿಗೇ ಬಂದರು. ಕನ್ನಡಕಕ್ಕೆ ಬಂದಿರಬೇಕೆಂದು ಕುರ್ಚಿ ತೋರಿಸಿದೆ. ಕೂರಲಿಲ್ಲ. ಕೋಣೆಯಲ್ಲಿ ರಾತ್ರಿ ಯಾರೂ ಮಲಗುತ್ತಿಲ್ಲ, ವಾರಗಟ್ಟಲೆ ದೀಪವೇ ಹತ್ತಿಲ್ಲ, ಬೇಡದವರಿಗೆ ಕೊಟ್ಟು ಬೇಕಾದವರಿಗೆ ಯಾಕೆ ತಪ್ಪಿಸಲಿ ಎಂದರು. ಭಾನುವಾರದೊಳಗೆ ಇದನ್ನು ಸರಿಮಾಡದಿದ್ದರೆ ಬೀಗದ ಕೈ ವಾಪಸ್ಸು ಬೇಕಂತೆ. ಹಾಸಿಗೆಯಲ್ಲಿ ಸುಕ್ಕಿರಲಿಲ್ಲ ನಿಜ. ಮಲಗಿದ್ದರೆ ತಾನೇ ಸುಕ್ಕಾಗುವುದು. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ನನಗೆ ಇಷ್ಟು ಕಾಣಲಿಲ್ಲ.

ಹೊತ್ತು ಮುಳುಗುವ ಮುಂಚೆ ಬಸ್ ನಿಲ್ದಾಣದ ಹಿಂದಿನ ಶೆಡ್ಡಿಗೆ ಹೋದೆ. ಇನ್ನೂರು ಅಲ್ಲೇ ಇದ್ದರು, ಒಂದು ಪೆಟ್ಟಿಗೆಯ ಮೇಲೆ ಕೈಕಟ್ಟಿ ಕೂತಿದ್ದರು. ಅವರ ಮುಂದೆ ಇನ್ನೊಬ್ಬ ಮಾಜಿ ಸೈನಿಕರು, ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದವರು, ಕೋಣೆಗಾಗಿ ಕಾಯುತ್ತಿರುವವರು, ಊಟ ಮಾಡುತ್ತಿದ್ದರು. ಭಾವ ಕೊಟ್ಟ ಚಿಕ್ಕ ಪಾತ್ರೆ, ನಮ್ಮ ಒಂದು ತಟ್ಟೆ ಅನ್ನ. ಡೋಲಿನವರ ಕೆನ್ನೆ ತುಂಬಿಕೊಂಡಿದ್ದವು. ತಟ್ಟೆ ಬರಿದಾಯಿತು. ಇನ್ನೂರು ಅದನ್ನು ತೆಗೆದುಕೊಂಡು ಹೋಗಿ ನಲ್ಲಿಯಲ್ಲಿ ತೊಳೆದರು. ಅವರಿಗೆಂದು ಒಂದಗುಳೂ ಉಳಿದಿರಲಿಲ್ಲ.

ನನಗೆ ಕೆಂಡಾಮಂಡಲ ಕೋಪ ಬಂತು. ನಿಮ್ಮ ಊಟ ಎಲ್ಲಿ ಎಂದು ಕೇಳಿದೆ. ಅವರು ಬಹಳ ಹೊತ್ತು ತಟ್ಟೆ ಒರೆಸಿದರು.

"ಅಡುಗೆಯವನು ಕೊನೆಗೆ ಉಣ್ಣೋದು ಅಕ್ಕಾ. ಕೊನೇ ಸೈನಿಕ ಉಂಡು ಕೈ ತೊಳೆದ ಮೇಲೆ. ನನ್ನ ಮುಂಚೆ ಯಾರೂ ಉಣ್ಣದೆ ನಾನು ತಟ್ಟೆಗೆ ಕೈ ಹಾಕಿದ್ದೇ ಇಲ್ಲ. ಆ ಕೋಣೇಲಿ ನನ್ನ ಮುಂಚೆ ಉಣ್ಣೋರು ಯಾರಿದಾರೆ? ಅದಕ್ಕೆ ಇಲ್ಲಿಗೆ ತರ್ತೀನಿ. ಇವನು ಉಣ್ತಾನೆ. ಆದ್ರೆ ಮಾಡಿದ್ದು ಒಬ್ಬನಿಗೆ ಅಲ್ವಾ, ಮುಗಿದುಹೋಗುತ್ತೆ."

ಹಾಗಾದರೆ ಮೊದಲು ಯಾಕೆ ಹೇಳಲಿಲ್ಲ ಎಂದೆ. ಒಬ್ಬನಿಗೆ ಮಾಡುವುದನ್ನು ಅಷ್ಟು ಕಷ್ಟಪಟ್ಟು ಕಲಿಸಿದಿರಿ, ಹೇಗೆ ಹೇಳಲಿ ಎಂದರು. ಅಲ್ಲೇ ಬ್ರೆಡ್ಡು ತಿಂದು, ಚಹಾ ಕುಡಿದು ಮಲಗುತ್ತಿದ್ದರಂತೆ. ಬೆಳಿಗ್ಗೆ ಬಂದು ಕೋಣೆ ಗುಡಿಸುತ್ತಿದ್ದರಂತೆ. ಎಂದಾದರೂ ಈ ನಿಯಮ ಮುರಿದಿದ್ದೀರಾ ಎಂದು ಕೇಳಿದೆ. "ಒಂದ್ಸಲ ಬೆಟ್ಟದ ಮೇಲೆ ಕಾವಲಿಗೆ ಹೋದ ಮೂರು ಜನ ಬರಲೇ ಇಲ್ಲ. ಅವರ ಪಾಲು ಎತ್ತಿಟ್ಟಿದ್ದೆ." ಎಷ್ಟು ದಿನ ಎಂದೆ. "ಕೆಟ್ಟುಹೋಗೋ ತನಕ." ಅಲ್ಲಿಯವರೆಗೆ ಅವರು ಉಂಡಿರಲಿಲ್ಲ.

ಒಬ್ಬರಿಗೆ ಅಡುಗೆ ಮಾಡುವುದನ್ನು ಕಲಿಸಿ ನಾನು ಒಬ್ಬ ಮನುಷ್ಯನನ್ನು ಉಪವಾಸ ಕೆಡವಿದೆ.

ಮಾರ್ಚ್ 9, ಭಾನುವಾರ

ಮೂರು ದಿನದಿಂದ ಮಧ್ಯಾಹ್ನ ಅಲ್ಲಿಯೇ ಊಟ. ಇಬ್ಬರಿಗೆ ಮಾಡುತ್ತಾರೆ. ನಾನು ಉಂಡು ಕೈ ತೊಳೆಯುತ್ತೇನೆ, ಆಮೇಲೆ ಅವರು ಕೂರುತ್ತಾರೆ. ರಾತ್ರಿಯ ಊಟಕ್ಕೆ ಅಕ್ಕ, ಭಾವ, ನರ್ಸಮ್ಮ ಸರದಿಯ ಮೇಲೆ ಹೋಗುತ್ತಿದ್ದಾರೆ. ಅಕ್ಕ ಅವರ ಅಡುಗೆ ಹೊಗಳಿದ್ದೇ ಹೊಗಳಿದ್ದು. ನನ್ನ ಕೈಯಡುಗೆಯನ್ನು ಒಂದು ದಿನವಾದರೂ ಹಾಗೆ ಹೊಗಳಿದ್ದೀಯಾ ಎಂದು ಅವಳ ಮುಖಕ್ಕೇ ಕೇಳಿದೆ. ನೀನು ಯಾವಾಗ ಮಾಡಿದ್ದೆ ಎಂದಳು. ಕೋಣೆಯಲ್ಲಿ ದೀಪ ಹತ್ತುತ್ತಿದೆ. ಕಟ್ಟಡದ ಯಜಮಾನರು ತಿಂಗಳ ಕೊನೆಯವರೆಗೆ ನೋಡುತ್ತೇನೆ ಎಂದಿದ್ದಾರೆ.

ಮಾರ್ಚ್ 19, ಬುಧವಾರ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಿನ್ನೆ ನರ್ಸಮ್ಮನಿಗೆ ಮೀಟಿಂಗು, ಭಾವನಿಗೆ ನೆಗಡಿ, ಅಕ್ಕ ಭಾವನ ಹಣೆ ಮುಟ್ಟಿ ನೋಡುವುದರಲ್ಲಿ ಮೈಮರೆತಿದ್ದಳು. ಯಾರೂ ಹೋಗಲಿಲ್ಲ. ಇನ್ನೂರು ಪಾತ್ರೆ ಎತ್ತಿಕೊಂಡು ಶೆಡ್ಡಿಗೆ ಹೋದರು. ನರ್ಸಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು, "ನೀವು ಅವರಿಗೆ ಮನೆ ಹಿಡಿಸ್ತಿಲ್ಲ, ಮೆಸ್ಸು ನಡೆಸ್ತಿದೀರಿ. ನಾವೆಲ್ಲ ಎಷ್ಟು ದಿನ ಅಂತ ಉಣ್ಣೋಕೆ ಹೋಗ್ತೀವಿ?"

ಹೇಳಿದ್ದು ಸರಿ. ಅದಕ್ಕೇ ಅಷ್ಟು ಸಿಟ್ಟು ಬಂತು.

ಮಾರ್ಚ್ 22, ಶನಿವಾರ

ಇವತ್ತು ಹೋದವಳೇ ಅವರ ಕೈಯಿಂದ ಸೌಟು ಕಿತ್ತುಕೊಂಡೆ. ಏಪ್ರನ್ನನ್ನೂ ಬಿಚ್ಚಿಸಿ ನಾನು ಕಟ್ಟಿಕೊಂಡೆ. ಇವತ್ತು ಅಡುಗೆಯವಳು ನಾನು, ಕೂತ್ಕೊಳ್ಳಿ ಎಂದೆ. ಕೆಲಸ ಕೇಳಿಕೊಂಡು ಬಂದವರ ಹಾಗೆ ಕುರ್ಚಿಯ ಅಂಚಿಗೆ ಕೂತರು. ನಾನು ಅಡುಗೆ ಮಾಡುವುದನ್ನು ನೋಡುತ್ತಾ ಅವರ ಕೈಬೆರಳು ಚಡಪಡಿಸುತ್ತಿದ್ದವು. ಉರಿ ಜಾಸ್ತಿಯಾಯಿತು ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡರು.

ತಟ್ಟೆ ಇಟ್ಟು ಬಡಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ನೀವು ಎಂದರು.

"ಅಡುಗೆಯವರು ಕೊನೆಗೆ ಉಣ್ಣೋದು. ನೀವು ಉಣ್ಣದಿದ್ರೆ ನನಗೂ ಉಪವಾಸ. ನಂಗೆ ಹಸಿವಾಗಿದೆ."

ತಮ್ಮದೇ ಕಾನೂನಿಗೆ ತಾವೇ ಸಿಕ್ಕಿಬಿದ್ದಿದ್ದರು. ಅನ್ನದ ಮೇಲಿನ ಹಬೆ ಹೋಯಿತು. ನಾನು ಸೌಟು ಹಿಡಿದು ನಿಂತೇ ಇದ್ದೆ. ಕೊನೆಗೆ ಒಂದು ತುತ್ತು ತೆಗೆದುಕೊಂಡರು, ನಿಧಾನವಾಗಿ ಅಗಿದರು. "ಹೆಂಡತಿ ಹೋದ ಮೇಲೆ ನಂಗೆ ಯಾರೂ ಬಡಿಸಿರಲಿಲ್ಲ ಅಕ್ಕಾ" ಎಂದರು. ಈರುಳ್ಳಿ ಹೆಚ್ಚಿ ಆಗಲೇ ಬಹಳ ಹೊತ್ತಾಗಿತ್ತು, ಆ ನೆಪವೂ ಇರಲಿಲ್ಲ. ನನಗೆ ಅಳು ಬಂತು, ಅತ್ತೆ. ಅವರು ಉಣ್ಣುತ್ತಲೇ ಇದ್ದರು. ಇನ್ನಷ್ಟು ಬಡಿಸಲೇ ಎಂದೆ, ತಟ್ಟೆ ಮುಂದೆ ಮಾಡಿದರು.

ಅವರು ಕೈ ತೊಳೆದ ಮೇಲೆ ನಾನು ಉಂಡೆ. ಬೇಳೆಗೆ ಖಾರ ಹೆಚ್ಚಾಗಿತ್ತು. ಒಂದು ಮಾತೂ ಹೇಳಲಿಲ್ಲ ಪುಣ್ಯಾತ್ಮ.

ಮಾರ್ಚ್ 23, ಭಾನುವಾರ

ಅಕ್ಕ, ಭಾವ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಾನೇ ಕರೆದಿದ್ದೆ. ಭಾವ ಮೇಜಿನ ಕಾಲಿಗೆ ಕಾಗದ ಮಡಿಸಿ ಇಟ್ಟರು. ಅಕ್ಕ ಬಡಿಸಲು ಎದ್ದಳು, ಅವಳನ್ನು ಕೂರಿಸಿದೆ.

ಮಾರ್ಚ್ 26, ಬುಧವಾರ

ನಾಲ್ಕು ದಿನದಿಂದ ಇನ್ನೂರು ನನ್ನನ್ನು ಬೇಡವೆನ್ನುತ್ತಿದ್ದಾರೆ. ಊಟಕ್ಕೆ ಯಾರೂ ಬರಬೇಕಿಲ್ಲ, ವ್ಯವಸ್ಥೆಯಾಗಿದೆ ಎಂದು ಕಳಿಸಿಬಿಡುತ್ತಾರೆ. ಏನು ವ್ಯವಸ್ಥೆ ಎಂದರೆ ಹೇಳುವುದಿಲ್ಲ. ಮತ್ತೆ ಶೆಡ್ಡಿಗೆ ಹೋಗುತ್ತಿದ್ದಾರೋ ಎಂದು ಡೋಲಿನವರನ್ನು ವಿಚಾರಿಸಿದೆ. ವಾರದಿಂದ ಮುಖವನ್ನೇ ನೋಡಿಲ್ಲ, ನನ್ನ ಊಟಕ್ಕೂ ಕಲ್ಲು ಬಿತ್ತು ಎಂದು ಅವರು ನನ್ನ ಮೇಲೆಯೇ ಮುನಿಸಿಕೊಂಡರು. ಹಾಗಿದ್ದರೆ ಆ ಕೋಣೆಯಲ್ಲಿ ಇವರ ಮುಂಚೆ ಉಣ್ಣುತ್ತಿರುವವರು ಯಾರು? ಯಾರೂ ಉಣ್ಣುತ್ತಿಲ್ಲವಾದರೆ ಇವರು ಏನು ತಿನ್ನುತ್ತಿದ್ದಾರೆ? ಕೂತಲ್ಲಿ ಕೂರಲಾಗುತ್ತಿಲ್ಲ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಕಟ್ಟಡದ ಯಜಮಾನರು ನರ್ಸಮ್ಮನಿಗೆ ಫೋನ್ ಮಾಡಿದರಂತೆ. ದಿನಾ ದೀಪ ಹತ್ತುತ್ತಿದೆ, ದೂರಿಲ್ಲ, ಕೋಣೆ ಅವರದೇ, ಮಿಕ್ಕ ಮೂರನ್ನೂ ತೆಗೆದುಕೊಳ್ಳಿ ಎಂದರಂತೆ. ಡೋಲಿನವರಿಗೆ ಎರಡನೆಯ ಮಹಡಿ. ನರ್ಸಮ್ಮ ಇದನ್ನು ಹೇಳುವಾಗ ಅವರ ದನಿ ಮೊದಲ ಸಲ ಮೆತ್ತಗಾಯಿತು. ಸುದ್ದಿ ನಾನೇ ಹೇಳುತ್ತೇನೆಂದು ಓಡಿದೆ. ಕೋಣೆ ಸಿಕ್ಕರೇನು, ಹೊಟ್ಟೆಗೆ ಬೀಳುತ್ತಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕಿತ್ತು.

ಊಟದ ಹೊತ್ತು. ಮೂರನೆಯ ಮಹಡಿ ಹತ್ತಿ ನೋಡಿದರೆ ಇನ್ನೂರು ತಮ್ಮದೇ ಕೋಣೆಯ ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದಾರೆ. ಒಗೆದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ. ಬೆಲ್ಟು ಹಳೆಯ ತೂತಿಗೆ ಬಂದಿತ್ತು. ಬೀಗದ ಕೈ ಒಳಗೆ ಬಿಟ್ಟು ಬಂದಿರೇ ಎಂದೆ. ನನ್ನನ್ನು ಕಂಡು ಕಿವಿಯವರೆಗೂ ಕೆಂಪಾದರು.

"ಒಳಗೆ ಅಡುಗೆ ಆಗಿದೆ ಅಕ್ಕಾ. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಹೊರಗೆ ಬಂದೆ. ಈಗ ಊಟಕ್ಕೆ ಬಂದೋನು ನಾನು."

ನನಗೆ ತಿಳಿಯಲಿಲ್ಲ. ಅವರು ಗೋಡೆ ನೋಡುತ್ತಾ ಬಿಡಿಸಿ ಹೇಳಿದರು. ಬಾಗಿಲು ಬಡಿದು ಒಳಗೆ ಹೋಗುತ್ತಾರಂತೆ, ಬಡಿಸಿಟ್ಟ ತಟ್ಟೆಯ ಮುಂದೆ ಕೂತು ಉಂಡು ಕೈ ತೊಳೆಯುತ್ತಾರಂತೆ. ಆಮೇಲೆ ಏಪ್ರನ್ ಕಟ್ಟಿಕೊಂಡು, ತಟ್ಟೆ ತೊಳೆದು, ಅಡುಗೆಯವನ ಪಾಲು ಉಣ್ಣುತ್ತಾರಂತೆ. ನಾನು ಬಡಿಸಿದ ಮಾರನೆಯ ದಿನದಿಂದ ಹೀಗೆಯೇ ನಡೆದಿದೆ.

"ದಿನಾ ಇಬ್ಬರಿಗೆ ಮಾಡ್ತೀನಿ. ಒಬ್ಬ ಉಣ್ಣೋನು, ಒಬ್ಬ ಅಡುಗೆಯವ. ಯಾರಿಗೂ ಹೇಳ್ಬೇಡಿ, ಹುಚ್ಚ ಅಂತಾರೆ."

ಯಾರಿಗೂ ಹೇಳುವುದಿಲ್ಲ ಎಂದೆ. ಕೋಣೆ ನಿಮ್ಮದಾಯಿತು ಎಂಬುದನ್ನೂ ಹೇಳಿದೆ. ಅವರು ಬಾಗಿಲ ಮೇಲೆ ಅಂಗೈಯಿಟ್ಟು ನಿಂತರು. ಆಮೇಲೆ ಎರಡು ಸಲ ಬಡಿದು, ಒಳಗಿನವರಿಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ತೆರೆದರು.

ಮೇಜಿನ ಮೇಲೆ ತಟ್ಟೆ ಇತ್ತು. ಪಾತ್ರೆಯ ಮುಚ್ಚಳ ಎತ್ತಿ ನೋಡಿದೆ, ಅನ್ನ ಮೂವರಿಗಾಗುವಷ್ಟಿತ್ತು. ಮೂರನೆಯ ಪಾಲು ಯಾರಿಗೆ ಎಂದೆ. ಭಾನುವಾರ ಅಲ್ಲವೇ, ಯಾರಾದರೂ ಬರುತ್ತಾರೆ ಎಂದು ಇನ್ನೊಂದು ತಟ್ಟೆ ತಂದಿಟ್ಟರು. ಅಡುಗೆಯವರು ಕಾಯಲಿ, ಅವರಿಗೆ ಅಭ್ಯಾಸವಿದೆ ಎಂದೆ. ಉಣ್ಣುವವರಿಬ್ಬರೂ ಕೂತೆವು.